ಅರ್ಧ ಮೀಸೆ ಹೋದ ಮೇಲೆ

ಪಂಜ
ತಾ. 9-2-2025

ದೇವಮ್ಮನಿಗೆ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಎಪ್ಪತ್ತನಾಲ್ಕನೇ ವರ್ಷದಲ್ಲಿ ಪೆನ್ನು ಹಿಡಿಸಿದೆಯಲ್ಲ, ಸಮಾಧಾನವಾಯಿತೆ? ಫೋನು ಇರುವುದು ಎಂತಕ್ಕೆ? ಮಾಡಿದರೆ, "ನಿಮ್ಮ ಬಾಯಿಮಾತು ನಲ್ವತ್ತೆಂಟು ವರ್ಷ ಕೇಳಿ ಆಯ್ತು. ಬೀಡಿ ಬಿಟ್ಟೆ ಅಂತ ಬರೆದು ಕಳಿಸಿ, ಮತ್ತೆ ಬರುದು" ಎಂದು ಇಟ್ಟುಬಿಡುತ್ತೀ. ಇರಲಿ. ಮಂಡಿನೋವು ಹೇಗುಂಟು? ಉಪ್ಪಿನಂಗಡಿಯ ಮಗಳ ಮನೆಗೆ ಮೆಟ್ಟಿಲು ಜಾಸ್ತಿ. ಹತ್ತಿ ಇಳಿದು ಶೌರ್ಯ ತೋರಿಸಬೇಡ.

ನಾನು ಕ್ಷೇಮ. ಮೀಸೆಯ ಎಡಭಾಗ ಇನ್ನೂ ಬಂದಿಲ್ಲ. ಬಲಭಾಗ ಬೋಳಿಸಲು ಮನಸ್ಸಿಲ್ಲ, ಅದರ ತಪ್ಪೇನೂ ಇರಲಿಲ್ಲ.

ನನ್ನ ತಪ್ಪೂ ಇಲ್ಲ ಎಂದು ಮೊದಲೇ ಬರೆದಿಡುತ್ತೇನೆ. ನನ್ನ ಶ್ವಾಸಕೋಶ ಹೊಗೆ ಹಿಡಿದ ಅಟ್ಟದ ಹಾಗೆ ಆಗಿದೆಯೆಂದು ಪುತ್ತೂರಿನ ಡಾಕ್ಟರು ಆಕ್ಸಿಜನ್ ಮೆಶಿನ್ ಬರೆದುಕೊಟ್ಟರು, ಮೂಗಿಗೆ ಟ್ಯೂಬು ಸಿಕ್ಕಿಸಿದರು. ಟ್ಯೂಬಿನಲ್ಲಿ ಬರುವುದು ಗಾಳಿ. ಗಾಳಿ ಊದಿದರೆ ದೀಪ ನಂದುತ್ತದೆ, ಇದು ನಾನು ಹುಟ್ಟಿದಾಗಿನಿಂದ ನೋಡಿದ್ದು. ಒಲೆಗೆ ಊದುವುದು ನಂದಿಸಲಿಕ್ಕಾ ಎಂದು ನೀನು ಆಮೇಲೆ ಕೇಳಿದೆ. ಅದು ಬೇರೆ ವಿಷಯ. ಆ ಧೈರ್ಯದಲ್ಲಿ ಒಂದು ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದೆ. ಬೆಂಕಿ ಬೀಡಿಗೆ ಹೋಗದೆ ಸೀದಾ ಮೀಸೆಗೆ ಬಂತು. ನೀನು ಓಡಿಬಂದು ಟ್ಯೂಬು ಕಿತ್ತೆಸೆದು, ಕೈಯಲ್ಲಿದ್ದ ಪಾತ್ರೆಯನ್ನು ನನ್ನ ತಲೆಗೆ ಸುರಿದೆ. ಅದು ಬಂಗುಡೆ ಮೀನು ತೊಳೆದ ನೀರು. ಜೀವ ಉಳಿಸಿದ್ದು ಉಪಕಾರವೇ. ಆದರೆ ಪಕ್ಕದಲ್ಲಿ ಒಳ್ಳೆಯ ನೀರಿನ ಕೊಡವೂ ಇತ್ತು. ಮರುದಿನ ನೀನು ಬಸ್ಸು ಹತ್ತಿದೆ. ಬೆಕ್ಕು ಮಾತ್ರ ಮೂರು ದಿನ ನನ್ನನ್ನು ಬಿಟ್ಟು ಕದಲಲಿಲ್ಲ.

ಮೆಶಿನ್ ರಿಪೇರಿಯ ಸಾಹುಲ್ ಹಮೀದ್ ನೀನು ಹೋದ ದಿನವೇ ಕಡಬದಿಂದ ಬಂದಿದ್ದ. ಕರಗಿದ ಟ್ಯೂಬು ಬದಲಾಯಿಸುತ್ತಾ, "ಎಂತ ಗೌಡ್ರೆ, ಆಕ್ಸಿಜನ್ ತಾನು ಹೊತ್ತುದಿಲ್ಲ. ಹೊತ್ತಿದ್ದನ್ನು ದೊಡ್ಡ ಮಾಡುದು ಮಾತ್ರ" ಎಂದ. ನನಗೆ ತಟ್ಟನೆ ನಿನ್ನ ತಮ್ಮ ಅಚ್ಚುತನ ನೆನಪಾಯಿತು. ಯಾರ ಮನೆಯ ಜಗಳದಲ್ಲಿಯೂ ಅವನು ಒಂದು ಬೈಗುಳ ಬೈದವನಲ್ಲ. ಸುಮ್ಮನೆ ನಡುವೆ ಕೂತು, "ಹೌದಾ? ಮತ್ತೆ ಎಂತ ಹೇಳಿದ?" ಎಂದು ಕೇಳುತ್ತಾನೆ, ಅಷ್ಟೇ. ಕತ್ತಿಗೆ ತುಕ್ಕು ಹಿಡಿಯುವುದೂ, ಕೊಯ್ದಿಟ್ಟ ಬಾಳೆಕಾಯಿ ಕಪ್ಪಾಗುವುದೂ ಈ ಆಕ್ಸಿಜನ್ನಿನದೇ ಕೆಲಸವಂತೆ. ತುಕ್ಕು ಎಂದರೆ ಹೊಗೆ ಬಾರದ, ನಿಧಾನದ ಉರಿಯಂತೆ. ನನ್ನ ಸಿಟ್ಟು ತೆಂಗಿನ ಒಣ ಮಡಲು, ಭಗ್ಗೆಂದು ಹೊತ್ತಿ ಮುಗಿಯುತ್ತದೆ. ನಿನ್ನದು ತುಕ್ಕಿನ ಜಾತಿ. ನೀನು ಹೋಗಿ ಇಪ್ಪತ್ತೆರಡು ದಿನ ಆಯಿತು, ಇನ್ನೂ ಹಿಡಿಯುತ್ತಲೇ ಉಂಟು.

ಮಗಳಿಗೂ ಅಳಿಯನಿಗೂ ಆಶೀರ್ವಾದ. ಅಚ್ಚುತ ಬಂದರೆ ಈ ಕಾಗದ ತೋರಿಸಬೇಡ.

ಇಂತಿ,
ಡೊಂಬಯ್ಯ ಗೌಡ

ಬರೆಯಲು ಬಿಟ್ಟದ್ದು: ಬೀಡಿ ಬಿಟ್ಟು ಇಪ್ಪತ್ತು ದಿನ. ನೀನು ಹೋದ ಮೊದಲ ಎರಡು ದಿನ ಮೆಶಿನ್ ಬಿಟ್ಟು ತೋಟಕ್ಕೆ ಹೋಗಿ ಮೂರು ಸೇದಿದ್ದೇನೆ, ಸುಳ್ಳು ಹೇಳುವುದಿಲ್ಲ. ಟ್ಯೂಬು ಹಾಕಿಕೊಂಡವನು ಒಲೆಯಿಂದ ಹತ್ತು ಅಡಿ ದೂರ ಇರಬೇಕಂತೆ. ನೀನು ಅಡುಗೆ ಮಾಡುವಾಗ ನಾನು ಕೂರುವ ಜಾಗ ಅಳೆದರೆ ನಾಲ್ಕೇ ಅಡಿ. ಅದಕ್ಕೆ ಅಡುಗೆಮನೆ ಕಿಟಕಿಯ ಹೊರಗೆ, ಹನ್ನೊಂದು ಅಡಿಗೆ, ಕುರ್ಚಿ ಹಾಕಿದ್ದೇನೆ. ನಿನ್ನ ಬೈಗುಳ ಅಲ್ಲಿಯವರೆಗೆ ಕೇಳುತ್ತದೋ ಇಲ್ಲವೋ ನೀನು ಬಂದೇ ನೋಡಬೇಕು. ಯಾವ ಬಸ್ಸಿಗೆ ಬರುತ್ತೀ ಎಂದು ಹದಿನೈದನೇ ತಾರೀಕು ಶನಿವಾರದೊಳಗೆ ಉತ್ತರ ಬೇಕು.