ಪೆಟ್ಟಿಗೆಯೊಳಗಿನ ಖಾಲಿ ಜಾಗ

ಕುದ್ರೋಳಿ, ಮಂಗಳೂರು
18 ಜನವರಿ 2026, ಭಾನುವಾರ

ಪ್ರೀತಿಯ ಮಗ ಅಝರ್‌ಗೆ ನಿನ್ನ ಉಪ್ಪನ ಸಲಾಂ,

ಹೇಗಿದ್ದೀಯ ಮಗಾ? ಸೊಂಟನೋವು ಕಡಿಮೆಯಾಯಿತೇ? ದಮ್ಮಾಮಿನಲ್ಲಿ ಈಗ ಚಳಿ ಜೋರಂತೆ, ಬಿಜೈಯ ಶಫೀಕ್ ಹೇಳಿದ. ನಿನ್ನ ಉಮ್ಮ ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ನಡುಗುತ್ತಾ ಡ್ಯೂಟಿಗೆ ಹೋಗಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಉಮ್ಮ ಬೀಫಾತಿಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಬರುತ್ತದೆ, ಮದುವೆಮನೆ ಕಂಡಾಗ ಹೋಗುತ್ತದೆ. ನಿನ್ನ ಹೆಂಡತಿ ರಾಹಿಲಾ ಚೆನ್ನಾಗಿದ್ದಾಳೆ, ನೀನು ಊಟ ಮಾಡಿದ ಫೋಟೊ ಕಳಿಸಲಿಲ್ಲ ಎಂದು ನಿನ್ನೆ ಮುನಿಸಿಕೊಂಡಿದ್ದಳು. ದಿನಾ ಫೋನಿನಲ್ಲಿ ಮಾತಾಡುವಾಗ ಈ ಮುದುಕನಿಗೆ ಕಾಗದ ಬರೆಯುವ ಚಟ ಏಕೆ ಹತ್ತಿತು ಎಂದು ನೀನು ಕೇಳಬಹುದು. ನಮ್ಮ ಮನೆಯ ಫೋನ್ ನಿನಗೆ ಗೊತ್ತಲ್ಲ, ಸ್ಪೀಕರಿಗೆ ಹಾಕಿದ ಕೂಡಲೇ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಅಪ್ಪ ಮಗನಿಗೆ ಗುಟ್ಟಾಗಿ ಒಂದು ಮಾತು ಹೇಳಲು ಸಾಧ್ಯವಿಲ್ಲ. ಶಫೀಕ್ ಇವತ್ತು ಸಂಜೆಯ ವಿಮಾನಕ್ಕೆ ಹೊರಡುತ್ತಾನೆ. ಉಪ್ಪಿನಕಾಯಿ, ಒಣಮೀನಿನ ಕಟ್ಟಿನ ಜೊತೆ ಇದನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಷಯ ನುಸೈಬಾಳ ಕಂಪ್ಯೂಟರಿನದು. ನಿನ್ನ ಮಗಳಿಗೆ ಗೇಮ್ ಆಡುವ ಕಂಪ್ಯೂಟರ್ ಬೇಕು ಎಂದು ಗೊತ್ತಾದದ್ದೇ ತಡ, ಈ ವರ್ಷದ ರಜೆಯನ್ನು ಕಂಪೆನಿಗೇ ಬಿಟ್ಟುಕೊಡುತ್ತೇನೆ, ರಜೆಯ ಸಂಬಳ, ಟಿಕೆಟಿನ ಹಣ ಎರಡನ್ನೂ ತೆಗೆದುಕೊಂಡು ಇಲ್ಲಿಂದಲೇ ದೊಡ್ಡ ಲ್ಯಾಪ್‌ಟಾಪ್ ಕಳಿಸುತ್ತೇನೆ ಎಂದು ನೀನು ರಾಹಿಲಾಳ ಹತ್ತಿರ ಹೇಳಿದೆ. ತಿಂಗಳ ಕೊನೆಯೊಳಗೆ ಆಫೀಸಿಗೆ ತಿಳಿಸಬೇಕು ಎಂದೂ ಹೇಳಿದೆ. ಅಂದರೆ ಈ ಪೆರ್ನಾಲ್ ಹಬ್ಬಕ್ಕೂ ನೀನು ಬರುವುದಿಲ್ಲ. ಹೋದ ಸಲದ ರಜೆ ದೊಡ್ಡ ಟಿ.ವಿ. ಆಗಿ ಬಂದು ನಮ್ಮ ಚಾವಡಿಯ ಗೋಡೆಯಲ್ಲಿ ಕೂತಿದೆ. ನನಗೂ ಆಗ ಇದು ತಪ್ಪು ಎಂದು ತೋರಲಿಲ್ಲ. ನಮ್ಮ ಮನೆಯಲ್ಲಿ ಒಂದು ಟಾರ್ಚ್ ಸಹ ಮಂಗಳೂರಿನಲ್ಲಿ ಕೊಂಡದ್ದಲ್ಲ. ಗಲ್ಫಿನಿಂದ ಬರಬೇಕಾದ ವಸ್ತುವನ್ನು ಇಲ್ಲಿ ದುಡ್ಡು ಕೊಟ್ಟು ತಂದರೆ ನಾಲ್ಕು ಜನರ ಮುಂದೆ ನಾವೇ ಸಣ್ಣವರಾದಂತೆ ಎಂದು ನಂಬಿದವರು ನಾವು.

ಆದರೆ ನಿನ್ನ ಮಗಳು ನಿನಗೇ ಫೋನಿನಲ್ಲಿ ಹೇಳಿದಳಲ್ಲ, "ಬೇಡ ಉಪ್ಪಾ, ನಾನೇ ಬಿಡಿಭಾಗ ತಂದು ಜೋಡಿಸ್ತೇನೆ" ಎಂದು. ಆ ದಿನದಿಂದ ನಿನ್ನ ಸ್ವರ ಸಣ್ಣದಾಗಿದೆ. ಮಗಳು ದೊಡ್ಡವಳಾದಳು, ಇನ್ನು ನಾನು ಕಳಿಸುವುದು ಅವಳಿಗೆ ಬೇಡ ಎಂದು ನಿನ್ನ ಮನಸ್ಸಿಗೆ ತಾಗಿದೆ. ನಾನು ನಿನ್ನನ್ನು ಎತ್ತಿ ಆಡಿಸಿದವನು, ನನಗೆ ತಿಳಿಯುವುದಿಲ್ಲವೇ? ನಾನು ಕೂಡ ಇದು ಅವಳ ಹಟ ಎಂದೇ ಭಾವಿಸಿ, ಹುಡುಗಿಗೆ ಅಂಗಡಿಯವರು ಮೋಸ ಮಾಡಬಾರದು ಎಂದು ಅವಳ ಜೊತೆ ಹಂಪನಕಟ್ಟೆಗೆ ಹೋದೆ. ಬಂದರಿನಲ್ಲಿ ಆಯುಷ್ಯವಿಡೀ ನೀರುಳ್ಳಿ ವ್ಯಾಪಾರ ಮಾಡಿದ ಮೂಸಬ್ಬ ಮೊಮ್ಮಗಳಿಗೆ ವ್ಯಾಪಾರ ಕಲಿಸಲು ಹೊರಟದ್ದು. ಕಲಿತು ಬಂದವನು ಯಾರು ಎಂದು ಮುಂದೆ ಓದು.

ಅವಳ ಹತ್ತಿರ ಇದ್ದದ್ದು ಪೆರ್ನಾಲಿಗೆ ಸಿಕ್ಕಿದ ಕಾಸು, ಮದುವಣಗಿತ್ತಿಯರಿಗೆ ಮೆಹಂದಿ ಹಾಕಿ ದುಡಿದ ಹಣ, ಅಷ್ಟೇ. ನನ್ನ ಕಿಸೆಗೆ ಕೈ ಹಾಕಲು ಬಿಡಲಿಲ್ಲ. ಅಂಗಡಿಯ ವಾಲ್ಟರ್ ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ಬಿಡಿಭಾಗಗಳನ್ನು ಕೂರಿಸಲು ಬಣ್ಣಬಣ್ಣದ ಲೈಟು ಸುತ್ತುವ ಗಾಜಿನ ಪೆಟ್ಟಿಗೆ ತೋರಿಸಿದರು. ನನಗೆ ಕಣ್ಣು ಕೋರೈಸಿ, ಇದೇ ಇರಲಿ ಎಂದುಬಿಟ್ಟೆ. ಇವಳು ನಯವಾಗಿ, "ಅಜ್ಜ, ಅದರಲ್ಲಿ ದುಡ್ಡೆಲ್ಲ ಲೈಟಿಗೆ ಹೋಗ್ತದೆ, ಗೇಮಿಗೆ ಎಂತ ಉಳಿತದೆ?" ಎಂದು ಮೂಲೆಯಲ್ಲಿದ್ದ ಕಪ್ಪು ತಗಡಿನ ಸಾದಾ ಪೆಟ್ಟಿಗೆ ಆರಿಸಿದಳು. ಗಾಳಿ ಆಡಲು ಮುಂದೆ ಜಾಲರಿ ಇದೆಯೋ ಎಂದು ನೋಡಿದಳು. ರ್‍ಯಾಮ್ ಎಂಬುದರ ಬೆಲೆ ಈಗ ಮಳೆಗಾಲದ ನೀರುಳ್ಳಿಯ ಹಾಗೆ ಏರಿ ಕೂತಿದೆ. ಎರಡು ಬೇಕಾದಲ್ಲಿ ಒಂದೇ ತೆಗೆದುಕೊಂಡಳು, ಇನ್ನೊಂದನ್ನು ಬೆಲೆ ಇಳಿದ ಮೇಲೆ ಹಾಕಬಹುದಂತೆ. ಬೆಲೆ ಏರಿದಾಗ ಬೇಕಾದಷ್ಟೇ ಕೊಳ್ಳುವ ಈ ಬುದ್ಧಿಯನ್ನು ನಾನು ನಿನಗೆ ಎಷ್ಟು ಸಲ ಹೇಳಿಕೊಟ್ಟರೂ ನಿನ್ನ ತಲೆಗೆ ಹೋಗಲಿಲ್ಲ ನೋಡು.

ಮತ್ತೆ ಪವರ್ ಸಪ್ಲೈ ಎಂದು ಇಟ್ಟಿಗೆಯಂಥ ಒಂದು ಡಬ್ಬ ಇದೆ, ಒಳಗಿನ ಎಲ್ಲದಕ್ಕೂ ಕರೆಂಟ್ ಹಂಚುವಂಥದ್ದು. ವಾಲ್ಟರ್ ಎರಡು ತಂದಿಟ್ಟರು. ಇವಳು ಫೋನಿನಲ್ಲಿ ಏನೋ ಓದುತ್ತಿದ್ದಳು. ನಾನು ಸುಮ್ಮನಿರಲಾರದೆ ಎರಡನ್ನೂ ಎರಡು ಕೈಯಲ್ಲಿ ಎತ್ತಿ ತೂಕ ನೋಡಿ, ಭಾರದ್ದನ್ನು ಅವಳ ಕಡೆ ಸರಿಸಿದೆ. ಅಂಗಡಿಯಲ್ಲಿದ್ದ ಹುಡುಗರು ನಕ್ಕರು. ನುಸೈಬಾ ತಲೆಯೆತ್ತಿ, "ನಗಬೇಡಿ ಮಾರಾಯ್ರೆ, ಅಜ್ಜ ಹಿಡಿದದ್ದೇ ಒಳ್ಳೇದು. ಒಳಗೆ ಸರಿಯಾದ ಸಾಮಾನು ಹಾಕಿದ್ರೆ ತೂಕ ಬಂದೇ ಬರ್ತದೆ" ಎಂದಳು. ಅಝರ್, ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಮನೆಗೆ ಬಂದು ನಿನ್ನ ಉಮ್ಮನಿಗೆ ಅದನ್ನೇ ಹೇಳಿ ಹೇಳಿ ಬೈಸಿಕೊಂಡೆ.

ಒಂದೇ ಒಂದು ವಿಷಯದಲ್ಲಿ ಮಾತ್ರ ಅವಳ ಲೆಕ್ಕ ನನಗೂ ವಾಲ್ಟರಿಗೂ ಹಿಡಿಸಲಿಲ್ಲ. ಗೇಮಿನ ಚಿತ್ರ ಚಂದ ಕಾಣಲು ಗ್ರಾಫಿಕ್ಸ್ ಕಾರ್ಡ್ ಎಂದು ಬೇರೆ ಹಾಕುತ್ತಾರಂತೆ, ಎಲ್ಲದಕ್ಕಿಂತ ದುಬಾರಿ ಅದೇ. ಇವಳು ಅದನ್ನು ಕೊಳ್ಳಲೇ ಇಲ್ಲ. ಸಣ್ಣ ಗೇಮುಗಳನ್ನು ಕಾರ್ಡಿಲ್ಲದೆಯೇ ನಡೆಸುವ ಪ್ರೊಸೆಸರ್ ಆರಿಸಿದಳು. ಆದರೆ ಪವರ್ ಸಪ್ಲೈ ಮಾತ್ರ ದೊಡ್ಡದೇ ಬೇಕು, ಪೆಟ್ಟಿಗೆಯೂ ಉದ್ದದ ಕಾರ್ಡ್ ಹಿಡಿಸುವಂಥದ್ದೇ ಬೇಕು ಎಂದಳು. ವಾಲ್ಟರ್, "ಕಾರ್ಡೇ ಇಲ್ಲ, ಮತ್ತೆ ಇಷ್ಟು ದೊಡ್ಡದು ಎಂತಕ್ಕೆ ಮಗಳೇ? ಆ ದುಡ್ಡಲ್ಲಿ ಸಣ್ಣ ಕಾರ್ಡ್ ಒಂದು ಬರ್ತದೆ" ಎಂದರು. ಅವಳು ನಕ್ಕು ಬಿಲ್ ಮಾಡಲು ಹೇಳಿದಳು.

ಜೋಡಣೆ ನಮ್ಮ ಊಟದ ಮೇಜಿನ ಮೇಲೆ, ಸಂಜೆಯ ಅಸರ್ ನಮಾಝ್ ಆದ ಮೇಲೆ. ನಾನು ಸ್ಕ್ರೂ ಹಿಡಿದುಕೊಡುವವನು. ಮೆಹಂದಿ ಹಾಕುವ ಕೈ ಅಲ್ಲವೇ, ಪ್ರೊಸೆಸರಿನ ಮೇಲೆ ಬಿಸಿ ಏರದಂತೆ ಹಚ್ಚುವ ಬೂದು ಬಣ್ಣದ ಪೇಸ್ಟನ್ನು ಎಷ್ಟು ಬೇಕೋ ಅಷ್ಟೇ ಹಾಕಿದಳು. ಎಲ್ಲ ಸಿಕ್ಕಿಸಿ, ನಿನ್ನ ಟಿ.ವಿ.ಗೆ ವಯರ್ ಕೊಟ್ಟು ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಟಿ.ವಿ. ಮಾತ್ರ ಕಪ್ಪು. ಬೀಫಾತಿಮ್ಮ ದುಡ್ಡೆಲ್ಲ ಹೋಯಿತು ಎಂದು ತಲೆಯ ಮೇಲೆ ಕೈ ಹೊತ್ತಳು. ನಾನು ವಾಲ್ಟರಿಗೆ ಫೋನ್ ಮಾಡಿ ಬೈಯಲು ಹೊರಟೆ. ನಿನ್ನ ಮಗಳು ಒಂದು ಗ್ಲಾಸ್ ನೀರು ಕುಡಿದು, ಸ್ವಿಚ್ ಆಫ್ ಮಾಡಿ, ಮೊದಲಿನಿಂದ ಒಂದೊಂದೇ ವಯರ್ ಮುಟ್ಟಿ ನೋಡುತ್ತಾ ಬಂದಳು. ಪ್ರೊಸೆಸರಿನ ಪಕ್ಕದ ಒಂದು ವಯರ್ ಹಾಕಲು ಬಿಟ್ಟುಹೋಗಿತ್ತು. ಹಾಕಿದಳು, ಟಿ.ವಿ. ಬೆಳಗಿತು. ಅವಳು ಕೂಗಲಿಲ್ಲ, ಕುಣಿಯಲಿಲ್ಲ, ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಇಂಥ ಮೊಮ್ಮಗಳನ್ನು ಕೊಟ್ಟದ್ದಕ್ಕೆ ನಾನು ಅಲ್ಲಿಯೇ ಅಲ್ಹಮ್ದುಲಿಲ್ಲಾಹ್ ಎಂದೆ.

ಈಗ ಸಂಜೆ ಕಾಲೇಜಿನಿಂದ ಬಂದು ಕಾರಿನ ಗೇಮ್ ಆಡುತ್ತಾಳೆ. ನಾನೂ ಒಮ್ಮೆ ಆಡಿದೆ, ಕಾರು ಸಮುದ್ರಕ್ಕೆ ಹೋಯಿತು. ಲ್ಯಾಪ್‌ಟಾಪ್ ಈಗ ಬೇಡ ಮಗಾ, ಹಾಳಾದರೆ ದಮ್ಮಾಮಿಗೆ ಹೊತ್ತುಕೊಂಡು ಬರಲು ಆಗುತ್ತದೆಯೇ? ಇದಾದರೆ ವಾಲ್ಟರ್ ಇದ್ದಾರೆ. ಅಲ್ಲಾಹನು ನಿನ್ನ ದುಡಿಮೆಯಲ್ಲಿ ಬರಕತ್ತನ್ನೂ ರಾತ್ರಿ ಒಳ್ಳೆಯ ನಿದ್ದೆಯನ್ನೂ ಕೊಡಲಿ. ರೂಮಿನ ಹುಡುಗರಿಗೆಲ್ಲ ನನ್ನ ಸಲಾಂ ಹೇಳು, ಒಣಮೀನು ಒಬ್ಬನೇ ತಿನ್ನಬೇಡ.

ನಿನ್ನ ಉಪ್ಪ,
ಮೂಸಬ್ಬ

ಮರೆತ ಮಾತು: ಶಫೀಕ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಯಾರಿಗೂ ಹೇಳಬೇಡಿ ಎಂದು ನಿನ್ನ ಮಗಳು ಆಣೆ ಹಾಕಿಸಲು ಬಂದಿದ್ದಳು, ನಾನು ಕೆಮ್ಮಿ ತಪ್ಪಿಸಿಕೊಂಡೆ. ನೀನು ರಜೆ ಮಾರುವ ವಿಷಯ ರಾಹಿಲಾಳಿಗೆ ಹೇಳುವಾಗ ನುಸೈಬಾ ಒಳಗಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳಂತೆ, ಎಲ್ಲ ಅವಳ ಕಿವಿಗೆ ಬಿದ್ದಿದೆ. ಲ್ಯಾಪ್‌ಟಾಪಿನ ಅಗತ್ಯವೇ ಇಲ್ಲ ಎಂದಾದರೆ ನೀನು ರಜೆ ಮಾರುವುದಿಲ್ಲ, ಅದಕ್ಕೇ ಈ ಎಲ್ಲ ಓಡಾಟ. ಪೆಟ್ಟಿಗೆಯೊಳಗೆ ಕಾರ್ಡಿನ ಜಾಗ ಏಕೆ ಖಾಲಿ ಬಿಟ್ಟೆ ಎಂದು ನಾನು ನಿನ್ನೆ ಅವಳನ್ನು ಕೇಳಿದೆ. "ಅದು ಉಪ್ಪನಿಗೆ ಅಜ್ಜ. ಉಪ್ಪ ಬರುವಾಗ ಎಂತಾದರೂ ತರದಿದ್ರೆ ಅವರಿಗೆ ಮನಸ್ಸು ಕೇಳುದಿಲ್ಲ" ಎಂದಳು. ಪೆಟ್ಟಿಗೆಯ ಪಕ್ಕದ ಬಾಗಿಲಿಗೆ ಇನ್ನೂ ಸ್ಕ್ರೂ ಹಾಕಿಲ್ಲ. ಆಫೀಸಿಗೆ ರಜೆ ಬೇಕು ಎಂದೇ ಹೇಳು ಮಗಾ. ಕಾರ್ಡ್ ಸಣ್ಣದಿದ್ದರೂ ಸಾಕು, ಆದರೆ ಬೇರೆ ಯಾರ ಕೈಯಲ್ಲೂ ಕಳಿಸಬೇಡ.