ಕಾಲುವೆಗೆ ಇಳಿಯದ ಲಾರಿಗಳು

ಹೊಸಪೇಟೆ
15 ಅಕ್ಟೋಬರ್ 2007

ಜಡೆಪ್ಪ ಮಾವನವರಿಗೆ ನಿಮ್ಮ ಅಕ್ಕನ ಮಗಳು ಗಾಯತ್ರಿಯ ನಮಸ್ಕಾರ.

ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲವೆಂದು ನೀವು ಬಲ್ಲಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮ ಗ್ಯಾರೇಜಿನ ಸುಟ್ಟ ಆಯಿಲ್ ಕಾಲುವೆ ಹಿಡಿದು ನಿಮ್ಮ ಬಾಳೆತೋಟಕ್ಕೆ ಹರಿಯಿತು. ಕಪ್ಪಾದ ಅಂಗೈ ತೋರಿಸಿ ಹೋದವರು ನೀವು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಈಗ ಅಪ್ಪ ಹಳೆಯ ಆಯಿಲನ್ನೆಲ್ಲ ಡ್ರಮ್ಮಿಗೆ ತುಂಬಿ, ಅದನ್ನು ಶುದ್ಧ ಮಾಡುವವರಿಗೆ ಕೊಡುತ್ತಾರೆ.

ಆಯುಧಪೂಜೆಗೆ ಮುಂಚೆ ಅದಿರಿನ ಲಾರಿಗಳನ್ನು ಕಾಲುವೆಗಿಳಿಸಿ, ಡೀಸೆಲ್ ಹಚ್ಚಿ ತೊಳೆಯುವ ರೂಢಿ ನಿಮಗೆ ಗೊತ್ತೇ ಇದೆ. ನಿನ್ನೆ ಸಂಡೂರಿನಿಂದ ಬಂದ ಲಾರಿಗಳ ಮುಂದೆ ಅಪ್ಪ ಕೈ ಅಡ್ಡ ಹಿಡಿದು ನಿಂತರು.

“ಉಜ್ಜಿನಪ್ಪಣ್ಣ, ಕಾಲುವಿ ನಿಮ್ಮ ಮಾವ ಬರಕೊಟ್ಟಾನೇನ್ರಿ?” ಎಂದು ಒಬ್ಬ ಡ್ರೈವರ್ ನಕ್ಕ.

“ಮಾವ ಕೊಟ್ಟಿಲ್ಲಪ್ಪ. ಮಾವನ ಮಗ ಕೆಳಗ ಬಾಳಿ ಹಚ್ಚ್ಯಾನ. ಅಂವಗ ನಿನ್ನ ಡೀಸೆಲ್ ಬ್ಯಾಡ. ನಮ್ಮ ಗ್ಯಾರೇಜಿಗೆ ಬರ್ರಿ, ಎಣ್ಣಿ ಹಿಡಿಯೋ ತೊಟ್ಟಿ ಕಟ್ಟಿಸೀನಿ, ಅಲ್ಲೇ ತೊಳ್ಕೊಳ್ರಿ” ಎಂದರು ಅಪ್ಪ.

ಬೈದುಕೊಳ್ಳುತ್ತಲೇ ಎಲ್ಲರೂ ಲಾರಿ ತಿರುಗಿಸಿದರು. ಗುಂಪಿನ ಹಿಂದೆ ನಿಂತಿದ್ದ ನಾನು, ಯಾರೂ ಕೇಳದಿದ್ದರೂ, “ಅವರು ನಮ್ಮಪ್ಪ” ಎಂದು ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದೆ.

ಮಾವ, ಹಬ್ಬಕ್ಕೆ ಬನ್ನಿ. ಅಪ್ಪ ಬಾಯಿಬಿಟ್ಟು ಕರೆಯುವವರಲ್ಲ. ಆದರೆ ಲಾರಿಗಳಿಗೆ ಕಟ್ಟುವ ಬಾಳೆಕಂದನ್ನು ಈ ಸಲ ಮಾರ್ಕೆಟ್ಟಿನಿಂದ ತರುವುದು ಬೇಡವೆಂದು ಅವ್ವನಿಗೆ ಹೇಳಿದ್ದಾರೆ.

ನಿಮ್ಮ ದಾರಿ ನೋಡುತ್ತಿರುವ
ಗಾಯತ್ರಿ