ಸರ್ವಮಂಗಳಾ ಖಾಲಿ ಬಿಟ್ಟ ಮನೆಗಳು

ಕ್ರಿ.ಶ. ೨೧೭೮, ಎರಡನೇ ವೈಶಾಖದ ಮೂವತ್ತಾರನೇ ದಿನ
ನೆರಳುಬೀದಿ, ಹಾಸನ

ಸರ್ವಮಂಗಳಮ್ಮನವರೇ,

ತಾರೀಖು ತಪ್ಪಲ್ಲ. ಬಿಸಿಲುಗಾಲ ಉದ್ದವಾದ ಮೇಲೆ ನಾವು ತಿಂಗಳನ್ನೂ ಉದ್ದ ಮಾಡಿಕೊಂಡೆವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೇ, ಮುಂದಿನ ಯಾವ ಮಾತಿಗೂ ಕೇಳುವುದಿಲ್ಲ. ನಾನು ಇಂಚರ, ನಿಮ್ಮ ಮಗಳು ಶಾಲ್ಮಲಿಯ ವಂಶದಲ್ಲಿ ಆರನೇ ತಲೆಮಾರಿನವಳು. ಕಾಲೇಜಿನಲ್ಲಿ ಓದಿದ್ದು ಮಣ್ಣಿನ ಶಾಸ್ತ್ರ, ಈಗಿನ ಕೆಲಸ ನಾಲ್ಕು ವರ್ಷದ ಮಗಳ ಕಣ್ಣು ಕಾಯುವುದು. ನಿದ್ದೆ ಮಾಡಿ ಹನ್ನೊಂದು ದಿನವಾಯಿತು, ನಯವಾಗಿ ಬರೆಯಲಾರೆ.

ಈ ಪತ್ರ ಹಿನ್ನಂಚೆಯಲ್ಲಿ ಬರುತ್ತದೆ, ಅಂದರೆ ಹಿಂದಕ್ಕೆ ಹೋಗುವ ಅಂಚೆ. ಒಂದು ಮನೆತನಕ್ಕೆ ಒಂದೇ ಸಲ, ಒಂದೇ ಹಾಳೆ. ನಿಮ್ಮ ಕಾಲದಲ್ಲಿ ಕಾಣೆಯಾದ ಚಿನ್ನದ ಅವಲಕ್ಕಿ ಸರ ಎಲ್ಲಿ ಹೋಯಿತೆಂದು ನಿಮ್ಮನ್ನು ಕೇಳುವುದಕ್ಕೆ ನಮ್ಮ ದೊಡ್ಡಮ್ಮ ಅದನ್ನು ಕಾದಿಟ್ಟಿದ್ದರು. ಜಗಳವಾಡಿ ಕಿತ್ತುಕೊಂಡೆ.

ಇಲ್ಲಿ ಬೆಳಿಗ್ಗೆ ಎಂಟಕ್ಕೆ ಬೀದಿಯ ಉದ್ದಕ್ಕೂ ನೆರಳುಬಟ್ಟೆ ಎಳೆಯುತ್ತಾರೆ. ಅದರಡಿ ಮಕ್ಕಳು ಕುಂಟೆಬಿಲ್ಲೆ ಆಡುತ್ತವೆ, ನಿಮ್ಮ ಕಾಲದ ಆಟಗಳಲ್ಲಿ ಉಳಿದದ್ದು ಅದೊಂದೇ. ನನ್ನ ಹೊನ್ನಿಗೆ ಎದುರಿನ ಗೆರೆ ಕಾಣುತ್ತದೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ಹೋಗಿ ಡಿಕ್ಕಿ ಹೊಡೆಯುತ್ತಾಳೆ. "ಗೂಳಿ ಬಂತು, ದಾರಿ ಬಿಡ್ರೋ!" ಎಂದು ಮಕ್ಕಳು ಕೂಗುತ್ತವೆ. ಅದೂ ಆಟವೆಂದುಕೊಂಡು ಅವಳೂ ನಗುತ್ತಾಳೆ. ಕಣ್ಣಿನ ಒತ್ತಡ ಏರಿ, ನೋವಿಲ್ಲದೆ ಅಂಚಿನಿಂದ ತಿನ್ನುತ್ತಾ ಬರುವ ಗ್ಲಾಕೋಮಾ. ನೀವು ಕೊಟ್ಟದ್ದು.

ಕೊಟ್ಟದ್ದಕ್ಕೆ ನಾನು ಬೈಯುತ್ತಿಲ್ಲ. ರಕ್ತ ಯಾರ ಮಾತೂ ಕೇಳುವುದಿಲ್ಲ. ಬೈಯುತ್ತಿರುವುದು ಕಣ್ಣುಕುಂಡಲಿಗೆ. ನಿಮ್ಮ ಕಾಲದ ಜಾತಕದ ಜಾಗದಲ್ಲಿ ನಮಗೆ ಇರುವುದು ಅದು: ಹಿರಿಯರ ಕಣ್ಣುಗಳು ವರ್ಷವರ್ಷಕ್ಕೆ ಹೇಗಿದ್ದವು ಎಂಬ ಪಟ್ಟಿ. ನಾಳೆ ಹತ್ತು ಗಂಟೆಗೆ ಹೊನ್ನಿಗೆ ಬೆಳಕುಸೂಜಿ, ನೀವು ಲೇಸರ್ ಎನ್ನುವಂಥದು. ಎಳೆಯ ಕಣ್ಣಿಗೆ ಒಂದೇ ಸಲ ಹಾಕಬಹುದು. ಎಷ್ಟು ಬಲ ಇಡಬೇಕೆಂದು ಗೊತ್ತುಮಾಡಲು ಅದೇ ಬಗೆಯ ಕಾಯಿಲೆಯಿದ್ದ ಹಿರಿಯರೊಬ್ಬರ ಪಟ್ಟಿ ಬೇಕು. ನಮ್ಮ ವಂಶದಲ್ಲಿ ಈ ಬಗೆಗೆ ಲೇಸರ್ ಮಾಡಿಸಿಕೊಂಡವರು ನೀವೊಬ್ಬರೇ. ನಿಮ್ಮಿಂದ ಮುಚ್ಚಿಡುವುದನ್ನು ಕಲಿತ ಉಳಿದವರು ಮುಚ್ಚಿಟ್ಟುಕೊಂಡೇ ಕುರುಡಾದರು. ನಿಮ್ಮ ಪಟ್ಟಿಯಲ್ಲಿ ಮೊದಲ ತಿಂಗಳು ಒತ್ತಡ ಇಪ್ಪತ್ತೆಂಟರಿಂದ ಹದಿನೇಳಕ್ಕೆ ಇಳಿದಿದೆ. ಆಮೇಲೆ ಒಂದನೇ ವರ್ಷ, ಮೂರನೇ ವರ್ಷ, ಐದನೇ ವರ್ಷ, ಮೂರೂ ಮನೆ ಖಾಲಿ.

ಯಾಕೆ ಖಾಲಿ ಎಂಬುದೂ ಗೊತ್ತು. ನೀವು ಮತ್ತು ನಿಮ್ಮ ಅಕ್ಕ ವನಜಾಕ್ಷಿ ಫೋನಿನಲ್ಲಿ ಕಳಿಸಿಕೊಂಡ ಮಾತುಗಳು ಇನ್ನೂ ಉಳಿದಿವೆ, ನೂರು ಸಲ ಕೇಳಿದ್ದೇನೆ. ನೀವು ಅಂದಿರಿ: "ನಿಂಗೂ ಲೇಸರ್, ನಂಗೂ ಲೇಸರ್. ನೀನು ಡ್ರಾಪ್ಸ್ ಬಿಟ್ಟು ಎರಡು ವರ್ಷ ಆಯ್ತಲ್ಲಕ್ಕಾ, ನಾನ್ಯಾಕೆ ಹಾಕ್ಕೊಂಡು ಕೂರ್ಲಿ?" ಅಕ್ಕ ಬೈದರು: "ಲೇ ಮಂಗ್ಳಿ, ನಂದೇ ಬೇರೆ ನಿಂದೇ ಬೇರೆ ಅಂತ ಡಾಕ್ಟ್ರು ಬಾಯಿಬಿಟ್ಟು ಹೇಳಿದ್ರು ಕಣೇ. ನಾನು ಈಗ್ಲೂ ವರ್ಷವರ್ಷ ತೋರಿಸ್ತೀನಿ. ನೀನೇನು ಕಿವಿ ಚುಚ್ಚಿಸ್ಕೊಂಡು ಬಂದಂಗೆ ಕೂತಿದೀಯಾ?"

ಅಕ್ಕನದು ಕಣ್ಣಿನ ನೀರು ಹೊರಹೋಗುವ ಮೂಲೆ ಇಕ್ಕಟ್ಟಾಗಿ ಮುಚ್ಚುವ ಬಗೆ. ಲೇಸರ್ ಕಣ್ಣಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಸಣ್ಣ ತೂತು ಕೊರೆದು ದಾರಿ ಬಿಡಿಸಿತು. ನಿಮ್ಮದರಲ್ಲಿ ಮೂಲೆ ತೆರೆದೇ ಇದೆ, ಕಟ್ಟಿರುವುದು ಆ ನೀರು ಸೋಸಿ ಹೊರಬಿಡುವ ಜಾಲರಿ. ಲೇಸರ್ ಅದನ್ನು ಚುರುಕು ಮಾಡುತ್ತದೆ, ಕೆಲವು ವರ್ಷಕ್ಕೆ ಆ ಚುರುಕು ಇಳಿಯುತ್ತದೆ, ಮತ್ತೆ ಲೇಸರ್ ಬೇಕಾಗಬಹುದು, ಹನಿಯೂ ಬೇಕಾಗಬಹುದು. ಬಚ್ಚಲ ತೂಬಿಗೆ ಬಟ್ಟೆ ಸಿಕ್ಕಿದ್ದೂ ಪಾಚಿ ಕಟ್ಟಿದ್ದೂ ಒಂದೇ ಎಂದು ನಿಮ್ಮ ಮನೆಯಲ್ಲಿ ಎಂದಾದರೂ ಹೇಳಿದ್ದಿರಾ?

ಗೊತ್ತಿಲ್ಲದೆ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ನಿಮ್ಮ ಕೊನೆಯ ಮಾತು ಇದು: "ಭಾನುವಾರ ಶಾಲೂನ ನೋಡೋಕೆ ಬರ್ತಾರೆ. ಫ್ರಿಜ್ಜಲ್ಲಿ ಡ್ರಾಪ್ಸ್ ಬಾಟ್ಲಿ ಕಂಡ್ರೆ ಮುಗೀತು, ಹುಣಸೇಹಣ್ಣಿನ ಡಬ್ಬೀಲಿ ಹಾಕಿದೀನಿ. ಅವಳ ಕಣ್ಣೂ ತೋರಿಸಿ ಅಂತಾರೆ ಡಾಕ್ಟ್ರು. ತೋರ್ಸಿದ್ರೆ ಚೀಟೀಲಿ ಬರೀತಾರೆ. ಕೊರಳಿಗೆ ತಾಳಿ ಬೀಳ್ಲಿ, ಆಮೇಲೆ ನೋಡೋಣ." ತಾಳಿ ಬಿತ್ತು. ಆಮೇಲೆ ಯಾರೂ ನೋಡಲಿಲ್ಲ. ಬಾಟಲಿ ಆ ಡಬ್ಬಿಯಿಂದ ಹೊರಬರಲೇ ಇಲ್ಲ.

ಈ ಹಾಳೆ ಶನಿವಾರ ಅದೇ ಡಬ್ಬಿಯಲ್ಲಿ, ಬಾಟಲಿಯ ಪಕ್ಕ ನಿಮ್ಮ ಕೈಗೆ ಸಿಗುತ್ತದೆ. ಭಾನುವಾರ ಬಂದವರ ಎದುರು ಬಾಟಲಿ ಇಟ್ಟು ಎಲ್ಲ ಹೇಳಿಬಿಡಿ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಆ ಸಂಬಂಧ ಮುರಿದರೆ ಶಾಲ್ಮಲಿಗೆ ನಮ್ಮ ವಂಶ ಮುಂದುವರಿಸಿದ ಆ ಮಗ ಹುಟ್ಟುವುದಿಲ್ಲ, ಇಳಿಯುತ್ತಾ ಬಂದರೆ ನಾನಿಲ್ಲ, ಹೊನ್ನಿ ಇಲ್ಲ. ಹನ್ನೊಂದು ದಿನ ನಿದ್ದೆ ಕೆಡಿಸಿದ್ದು ಇದೇ.

ಆದ್ದರಿಂದ ಭಾನುವಾರ ಬಾಟಲಿ ಡಬ್ಬಿಯಲ್ಲೇ ಇರಲಿ. ಹೌದು, ಮುಚ್ಚಿಡಿ ಎಂದು ನಾನೇ ಹೇಳುತ್ತಿದ್ದೇನೆ. ನಿಮ್ಮನ್ನು ಬೈಯುವ ಬಾಯಿಂದಲೇ ಇದನ್ನೂ ಹೇಳಬೇಕಾಯಿತಲ್ಲ, ಅದಕ್ಕೂ ಸೇರಿಸಿ ನಿಮ್ಮ ಮೇಲೆ ಸಿಟ್ಟು. ಆದರೆ ಅವರು ಕಾಫಿ ಕುಡಿದು ಮೆಟ್ಟಿಲಿಳಿದ ಕೂಡಲೇ ಬಾಟಲಿ ತೆಗೆಯಿರಿ, ಆ ರಾತ್ರಿಯ ಹನಿ ತಪ್ಪಬಾರದು. ಸೋಮವಾರ ಡಾಕ್ಟರ ಹತ್ತಿರ ಹೋಗಿ, ಆಮೇಲೆ ಪ್ರತಿ ವರ್ಷ ಹೋಗಿ. ತಾಳಿ ಬಿದ್ದ ಮಾರನೇ ದಿನ ಶಾಲ್ಮಲಿಯನ್ನೂ ಕರೆದುಕೊಂಡು ಹೋಗಿ, ಬೀಗರು ಏನಾದರೂ ಅಂದುಕೊಳ್ಳಲಿ.

ನಾಳೆ ಮಗುವಿನ ತಲೆ ಬಾಚಿ, ಹೊರಡುವ ಮುಂಚೆ ಕುಂಡಲಿ ಬಿಚ್ಚಿ ನೋಡುತ್ತೇನೆ. ಮೂರನೇ ವರ್ಷದ ಮನೆಯಲ್ಲಾದರೂ ಒಂದು ಅಂಕೆ ಇರಲಿ. ಒಳ್ಳೆಯದೇ ಆಗಬೇಕಿಲ್ಲ.

ಇಂಚರ